ಹಲ್ಲು, ದಂತ, ಡೆಂಟಿಸ್ಟ್: ಇಂಗ್ಲಿಷಿನ ದೊಡ್ಡ ಪದಗಳಿಗೆ ಕನ್ನಡದ ದಾರಿ

ಪಿಯುಸಿ ಓದುವಾಗ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಇಂಗ್ಲಿಷಿನಲ್ಲಿ ಒಂದು ಪ್ರಬಂಧ ಬರೆಯಬೇಕಿತ್ತು. ‘ಫೇಮಸ್’ ಎಲ್ಲರೂ ಬರೆಯುವ ಪದ. ನನಗೆ ಅದಕ್ಕಿಂತ ತೂಕದ್ದೊಂದು ಬೇಕಿತ್ತು. ಸಮಾನಾರ್ಥಕ ಪದಗಳ ಪುಸ್ತಕ ತೆರೆದು, ಅಲ್ಲಿ ಸಾಲಾಗಿ ನಿಂತಿದ್ದವುಗಳಲ್ಲಿ ಅತಿ ಗಂಭೀರವಾಗಿ ಕಂಡದ್ದನ್ನು ಆರಿಸಿ, ಕನ್ನಂಬಾಡಿ ಕಟ್ಟೆಯ ರೂವಾರಿಯನ್ನು ‘ನಟೋರಿಯಸ್ ಎಂಜಿನಿಯರ್’ ಎಂದು ಕರೆದೆ. ಕುಖ್ಯಾತ ಎಂಜಿನಿಯರ್! ಮೇಷ್ಟರು ಆ ಪದವನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಪ್ರಶ್ನೆ ಮಾತ್ರ ಬರೆದಿದ್ದರು: ‘ಪಾಪ, ಅವರೇನು ಮಾಡಿದ್ದರು?’

ದಿನದ ವ್ಯವಹಾರಕ್ಕೆ ಸಾಕಾಗುವಷ್ಟು ಇಂಗ್ಲಿಷ್ ಬಂದವರು ಮುಂದಿನ ಮೆಟ್ಟಿಲು ಹತ್ತಲು ಹೊರಟಾಗ ಹೆಚ್ಚಿನವರು ಮಾಡುವ ಕೆಲಸ ಇದೇ. ಚಿಕ್ಕ ಪದವನ್ನು ಎಬ್ಬಿಸಿ ಅದರ ಜಾಗದಲ್ಲಿ ಉದ್ದದ ಪದವನ್ನು ಕೂರಿಸುತ್ತಾರೆ. ಇಲ್ಲವೇ ದಿನಕ್ಕೆ ಹತ್ತು ಪದ ಎಂದು ಪಟ್ಟಿ ಮಾಡಿ ಗೋಡೆಗೆ ಅಂಟಿಸುತ್ತಾರೆ. ಎರಡು ವಾರ ಕಳೆಯುವಷ್ಟರಲ್ಲಿ ಗೋಡೆಯಲ್ಲಿ ಪಟ್ಟಿ ಉಳಿದಿರುತ್ತದೆ, ತಲೆಯಲ್ಲಿ ಪದಗಳು ಉಳಿದಿರುವುದಿಲ್ಲ. ಕನ್ನಡ ಬಲ್ಲವರಿಗೆ ಇದಕ್ಕಿಂತ ಹತ್ತಿರದ ದಾರಿಯೊಂದಿದೆ. ಅದು ನಮ್ಮ ಬಾಯಲ್ಲೇ ಇದೆ, ಹಲ್ಲಿನ ಸಾಲಿನಲ್ಲಿ.

ನೋವು ಬಂದರೆ ‘ಹಲ್ಲು ನೋಯುತ್ತಿದೆ’ ಎನ್ನುತ್ತೇವೆ. ‘ದಂತ ನೋಯುತ್ತಿದೆ’ ಎಂದು ಯಾರೂ ಹೇಳುವುದಿಲ್ಲ. ಆದರೆ ತೋರಿಸಲು ಹೋಗುವುದು ದಂತವೈದ್ಯರ ಬಳಿಗೆ. ಕುಡಿಯುವುದು ನೀರು, ಅದೇ ನೀರು ಅಣೆಕಟ್ಟೆಯ ಹಿಂದೆ ನಿಂತರೆ ಜಲಾಶಯ. ಒಲೆಯಲ್ಲಿರುವುದು ಬೆಂಕಿ, ಮನೆಗೆ ಹತ್ತಿದ ಬೆಂಕಿಯನ್ನು ಆರಿಸಲು ಬರುವುದು ಅಗ್ನಿಶಾಮಕ ದಳ. ಕನ್ನಡ ಎರಡಂತಸ್ತಿನ ಮನೆ. ಕೆಳಗಿನ ಅಂತಸ್ತಿನಲ್ಲಿ ಅಡುಗೆಮನೆಯ, ಹಿತ್ತಿಲ, ಹೊಲದ ಅಚ್ಚಗನ್ನಡ ಪದಗಳಿವೆ. ಮೇಲಿನದರಲ್ಲಿ ಶಾಸ್ತ್ರಕ್ಕೆ, ಕಾನೂನಿಗೆ, ಫಲಕಕ್ಕೆ ಬೇಕಾದ ಸಂಸ್ಕೃತ ಪದಗಳಿವೆ. ಯಾವಾಗ ಮೆಟ್ಟಿಲು ಹತ್ತಬೇಕು, ಯಾವಾಗ ಇಳಿಯಬೇಕು ಎಂದು ಯಾರೂ ನಮಗೆ ಕೂರಿಸಿ ಕಲಿಸಿಲ್ಲ. ಆದರೂ ತಪ್ಪುವುದಿಲ್ಲ.

ಇಂಗ್ಲಿಷೂ ಅಂಥದೇ ಮನೆ. ‘ಟೂತ್’ ನೋಯುತ್ತದೆ, ಹೋಗುವುದು ‘ಡೆಂಟಿಸ್ಟ್’ ಬಳಿಗೆ. ಒಲೆಯಲ್ಲಿ ‘ಫೈರ್’, ಕಾರಿನಲ್ಲಿ ‘ಇಗ್ನಿಷನ್’. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಮಾತು ಫ್ರೆಂಚ್ ಆಯಿತು, ಉಳುವವರ ಮಾತು ಇಂಗ್ಲಿಷಾಗಿಯೇ ಉಳಿಯಿತು. ಕುರಿ ಕಾಯುವವನ ಬಾಯಲ್ಲಿ ‘ಶೀಪ್’, ದೊರೆಯ ತಟ್ಟೆಯಲ್ಲಿ ‘ಮಟನ್’. ಕೊಟ್ಟಿಗೆಯಲ್ಲಿ ‘ಕೌ’, ಊಟದ ಮೇಜಿನ ಮೇಲೆ ‘ಬೀಫ್’. ನಮ್ಮಲ್ಲಿ ಫಾರಸಿ ಆಡಳಿತದ ನುಡಿಯಾಗಿದ್ದ ಕಾಲ ಅರ್ಜಿ, ವಕೀಲ, ಜಾಮೀನು, ದಾಖಲೆಗಳನ್ನು ಬಿಟ್ಟುಹೋದಂತೆ ಅಲ್ಲಿ ಫ್ರೆಂಚ್ ‘ಕೋರ್ಟ್’, ‘ಜಡ್ಜ್’, ‘ಜ್ಯೂರಿ’, ‘ಪ್ರಿಸನ್’ಗಳನ್ನು ಬಿಟ್ಟುಹೋಯಿತು. ನ್ಯಾಯಾಲಯದ ವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂಬ ಕಾನೂನು ಬರಲು 1362ರವರೆಗೆ ಕಾಯಬೇಕಾಯಿತು. ಆ ಕಾನೂನನ್ನು ಬರೆದದ್ದೂ ಫ್ರೆಂಚಿನಲ್ಲೇ! ಅನಂತರದ ಶತಮಾನಗಳಲ್ಲಿ ವಿದ್ವಾಂಸರು ಲ್ಯಾಟಿನ್ನಿನಿಂದಲೂ ಗ್ರೀಕಿನಿಂದಲೂ ಮೂಟೆಗಟ್ಟಲೆ ಪದಗಳನ್ನು ಹೊತ್ತು ತಂದರು.

ಹೀಗಾಗಿ ಒಂದೇ ಕೆಲಸಕ್ಕೆ ಎರಡು, ಕೆಲವೊಮ್ಮೆ ಮೂರು ಪದಗಳು. ‘ಆಸ್ಕ್’, ‘ಕ್ವೆಶ್ಚನ್’, ‘ಇಂಟರಾಗೇಟ್’ ಎಂಬ ಮೂರನ್ನು ನೋಡಿ: ಹಳೆಯ ಇಂಗ್ಲಿಷ್, ಫ್ರೆಂಚ್, ಲ್ಯಾಟಿನ್. ನಿಘಂಟು ಮೂರನ್ನೂ ಸಮಾನಾರ್ಥಕ ಎನ್ನಬಹುದು. ಕನ್ನಡ ಬಲ್ಲವರು ಹಾಗೆ ಮೋಸಹೋಗಬೇಕಾಗಿಲ್ಲ, ಏಕೆಂದರೆ ಕೇಳುವುದು, ಪ್ರಶ್ನಿಸುವುದು, ವಿಚಾರಣೆಗೆ ಒಳಪಡಿಸುವುದು ನಮ್ಮಲ್ಲೂ ಬೇರೆ ಬೇರೆ. ‘ಊಟವಾಯಿತೇ’ ಎಂದು ಮಗನನ್ನು ಕೇಳುತ್ತೇವೆ. ರಾತ್ರಿ ಹನ್ನೆರಡಕ್ಕೆ ಮನೆಗೆ ಬಂದರೆ ಪ್ರಶ್ನಿಸುತ್ತೇವೆ. ವಿಚಾರಣೆಯನ್ನು ಪೊಲೀಸರಿಗೆ ಬಿಡುತ್ತೇವೆ. ‘ಇಂಟರಾಗೇಟ್’ ಎಂಬ ಪದವನ್ನು ‘ಆಸ್ಕ್’ ಜೊತೆಗೆ ಕಟ್ಟಿ ಬಾಯಿಪಾಠ ಮಾಡಿದವನು ಎಂದಾದರೊಮ್ಮೆ ಸಂದರ್ಶನಕ್ಕೆ ಹೋದಲ್ಲಿ ‘ನನ್ನನ್ನು ಚೆನ್ನಾಗಿ ವಿಚಾರಣೆ ಮಾಡಿದರು’ ಎಂದು ಹೇಳಿಯೇ ಹೇಳುತ್ತಾನೆ.

ಇನ್ನು ಸ್ವಾರಸ್ಯದ ಭಾಗಕ್ಕೆ ಬರೋಣ. ಮನೆಯ ನಕ್ಷೆ ಒಂದೇ ಎಂಬುದಷ್ಟೇ ಅಲ್ಲ, ಎರಡೂ ಮನೆಗಳ ಮೇಲಂತಸ್ತಿನಲ್ಲಿ ವಾಸಿಸುವವರು ದಾಯಾದಿಗಳು. ಕನ್ನಡ ದ್ರಾವಿಡ ಭಾಷೆ. ‘ಹಲ್ಲು’ ಪದಕ್ಕೂ ‘ಟೂತ್’ ಪದಕ್ಕೂ ಸಂಬಂಧವಿಲ್ಲ. ಆದರೆ ನಾವು ಸಂಸ್ಕೃತದಿಂದ ತಂದುಕೊಂಡ ‘ದಂತ’ ಮತ್ತು ಇಂಗ್ಲಿಷ್ ಲ್ಯಾಟಿನ್ನಿನಿಂದ ತಂದುಕೊಂಡ ‘ಡೆಂಟಲ್’ ಒಂದೇ ಬೇರಿನವು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಹುಟ್ಟಿರಬೇಕೆಂದು ಕಲ್ಕತ್ತೆಯ ನ್ಯಾಯಾಧೀಶ ವಿಲಿಯಂ ಜೋನ್ಸ್ 1786ರಲ್ಲಿ ಏಷಿಯಾಟಿಕ್ ಸೊಸೈಟಿಯ ಮುಂದೆ ಹೇಳಿದ ಮಾತು ಪ್ರಸಿದ್ಧ. ಅನಂತರ 1822ರಲ್ಲಿ ಯಾಕೋಬ್ ಗ್ರಿಮ್ ಇದಕ್ಕೊಂದು ಸೂತ್ರ ಕಟ್ಟಿಕೊಟ್ಟ (ಹೌದು, ತಮ್ಮನ ಜೊತೆ ಸೇರಿ ಮಕ್ಕಳ ಕಥೆಗಳನ್ನು ಕೂಡಿಸಿದ ಅದೇ ಗ್ರಿಮ್). ಸಂಸ್ಕೃತ, ಲ್ಯಾಟಿನ್‌ಗಳ ‘ಪ’ಕಾರ ಅಚ್ಚ ಇಂಗ್ಲಿಷಿನಲ್ಲಿ ‘ಫ’ಕಾರವಾಗುತ್ತದೆ, ‘ದ’ಕಾರ ‘ಟ’ಕಾರವಾಗುತ್ತದೆ. ಪಾದ, ‘ಪೆಡಲ್’, ಆದರೆ ‘ಫುಟ್’. ಪಿತೃ, ‘ಪೆಟರ್ನಲ್’, ಆದರೆ ‘ಫಾದರ್’. ದಶ, ‘ಡೆಸಿಮಲ್’, ಆದರೆ ‘ಟೆನ್’. ಗಮನಿಸಿ, ಕಠಿಣ ಎನಿಸುವ ಲ್ಯಾಟಿನ್ ಪದವೇ ನಮಗೆ ಹೆಚ್ಚು ಹತ್ತಿರ. ಶಾಲೆಯಲ್ಲಿ ದಶಮಾಂಶ ಕಲಿತವರಿಗೆ ‘ಡೆಸಿಮಲ್’ ಹೊಸದೇ ಅಲ್ಲ.

ಈ ಕಣ್ಣಿನಿಂದ ನೋಡತೊಡಗಿದರೆ ಪರಿಚಿತ ಮುಖಗಳು ಎಲ್ಲೆಲ್ಲೂ ಕಾಣುತ್ತವೆ. ‘ನೇವಲ್’, ‘ನ್ಯಾವಿಗೇಟ್’ಗಳಲ್ಲಿ ನಮ್ಮ ನೌಕೆ ಮತ್ತು ನಾವಿಕ. ‘ಜುವೆನೈಲ್’ನಲ್ಲಿ ಯುವ. ‘ಸರ್ಪೆಂಟ್’ನಲ್ಲಿ ಸರ್ಪ. ‘ವೋಕಲ್’ನಲ್ಲಿ ವಾಕ್. ‘ಡೊನೇಟ್’ನಲ್ಲಿ ದಾನ. ‘ನಾಕ್ಟರ್ನಲ್’ ಎಂದರೆ ನಿಶಾಚರ ಎಂದು ನೆನಪಿಡಲು ಒದ್ದಾಡುವವರ ಮನೆಯಲ್ಲೇ ಅಜ್ಜಿ ಹಗಲೆಲ್ಲ ಉಪವಾಸವಿದ್ದು ರಾತ್ರಿ ಉಣ್ಣುವ ‘ನಕ್ತ’ ಮಾಡುತ್ತಿರುತ್ತಾಳೆ. ಎರಡೂ ಒಂದೇ ರಾತ್ರಿಯ ಪದಗಳು. ‘ಇಮ್ಮಾರ್ಟಲ್’ ಪದವನ್ನು ಬಿಡಿಸಿದರೆ ಸಾವಿಲ್ಲದ್ದು. ಅಮೃತವನ್ನು ಬಿಡಿಸಿದರೂ ಅದೇ, ತುಂಡಿಗೆ ತುಂಡು. ‘ಇಗ್ನೊರೆನ್ಸ್’ ಎಂಬುದು ಅಜ್ಞಾನ. ಅಲ್ಲಿನ ‘ಗ್ನ’, ಇಲ್ಲಿನ ‘ಜ್ಞ’ ಎರಡೂ ಒಂದೇ ಧಾತುವಿನವು. ‘ಜ್ಞಾನ’ವನ್ನು ನಾವು ‘ಗ್ನಾನ’ ಎಂದೇ ಉಚ್ಚರಿಸುವುದರಿಂದ ಈ ನಂಟು ಕಿವಿಗೂ ಬೀಳುತ್ತದೆ. ‘ತಿಳಿ’ ಎಂಬ ಅರ್ಥದ ‘ನೋ’ ಪದದ ಕಾಗುಣಿತದಲ್ಲಿ ಸುಮ್ಮನೆ ಕುಳಿತು ಮಕ್ಕಳನ್ನು ಕಾಡುವ ‘ಕೆ’ ಅಕ್ಷರವೂ ಈ ‘ಗ’ಕಾರದ ಪಳೆಯುಳಿಕೆಯೇ.

ಪದದ ಒಳಗಿನ ಜೋಡಣೆಯೂ ನಮಗೆ ಗೊತ್ತಿರುವುದೇ. ಉಪಸರ್ಗ ಬದಲಾದರೆ ಧಾತುವಿನ ಅರ್ಥ ಎಲ್ಲಿಂದೆಲ್ಲಿಗೆ ಹೋಗುತ್ತದೆ ಎಂದು ತೋರಿಸಲು ಸಂಸ್ಕೃತ ಪಂಡಿತರು ಪ್ರಹಾರ, ಆಹಾರ, ಸಂಹಾರ, ವಿಹಾರ, ಪರಿಹಾರ ಎಂದು ಒಂದೇ ಉಸಿರಿನಲ್ಲಿ ಹೇಳುವುದುಂಟು. ಲ್ಯಾಟಿನ್ ಪದಗಳು ಇದೇ ಕುಣಿತ ಕುಣಿಯುತ್ತವೆ. ‘ಜೆಕ್ಟ್’ ಎಂದರೆ ಎಸೆ, ಸಂಸ್ಕೃತದ ‘ಕ್ಷೇಪ’ದಂತೆ. ಮುಂದಕ್ಕೆ ಎಸೆದರೆ ‘ಪ್ರೊಜೆಕ್ಟ್’, ನಮ್ಮ ಪ್ರಕ್ಷೇಪ. ಒಳಕ್ಕೆ ಎಸೆದರೆ ‘ಇಂಜೆಕ್ಟ್’. ಹಿಂದಕ್ಕೆ ಎಸೆದರೆ ‘ರಿಜೆಕ್ಟ್’. ಎದುರಿಗೆ ಎಸೆದರೆ ‘ಆಬ್ಜೆಕ್ಟ್’, ಅಂದರೆ ಆಕ್ಷೇಪಿಸು. ರೋಮಿನವರಿಗೂ ನಮ್ಮವರಿಗೂ ಆಕ್ಷೇಪಣೆ ಎಂದರೆ ಎದುರಿನವನ ಮೇಲೆ ಏನನ್ನೋ ಎಸೆಯುವುದೇ ಎಂಬುದು ಸಭೆಗಳಿಗೆ ಹೋದವರಿಗೆ ಆಶ್ಚರ್ಯ ತರಲಾರದು. ಇನ್ನೊಂದು: ಒತ್ತಕ್ಷರ ಕಲಿಯುವಾಗ ಸಂಯುಕ್ತಾಕ್ಷರ ಎಂದು ಹೇಳಿಸಿಕೊಂಡೆವಲ್ಲ, ಅದನ್ನು ಇಂಗ್ಲಿಷಿನಲ್ಲಿ ‘ಕಂಜಂಕ್ಟ್’ ಎನ್ನುತ್ತಾರೆ. ‘ಸಂ’ ಇದ್ದಲ್ಲಿ ‘ಕಾನ್’, ‘ಯುಕ್ತ’ ಇದ್ದಲ್ಲಿ ‘ಜಂಕ್ಟ್’. ರೈಲಿನ ‘ಜಂಕ್ಷನ್’, ದಂಪತಿಗಳ ‘ಕಾಂಜುಗಲ್’ ಬದುಕು, ಎತ್ತಿನ ಕೊರಳ ನೊಗಕ್ಕೆ ಇರುವ ‘ಯೋಕ್’, ಪತಂಜಲಿಯ ಯೋಗ, ಎಲ್ಲವೂ ಒಂದೇ ‘ಕೂಡು’ ಧಾತುವಿನ ಸಂತಾನ.

ಆದರೆ ಕಂಡ ಕಂಡ ಹೋಲಿಕೆಯನ್ನೆಲ್ಲ ನಂಟು ಎಂದುಕೊಂಡರೆ ಕೆಡುತ್ತೇವೆ. ‘ಡಿವೈನ್’ಗೂ ದೇವನಿಗೂ ನಿಜವಾದ ರಕ್ತಸಂಬಂಧವಿದೆ, ‘ಥಿಯಾಲಜಿ’ಯಲ್ಲಿರುವ ಗ್ರೀಕ್ ದೇವರಿಗೂ ನಮ್ಮ ದೇವನಿಗೂ ಇಲ್ಲ. ಅನುಮಾನ ಬಂದರೆ ಪದದ ಮೂಲ ಕೊಡುವ ನಿಘಂಟನ್ನು ತೆರೆಯುವುದೇ ಸರಿ. ನಂಟು ನಿಜವಾಗಿದ್ದರೂ ಬೇರು ಗೊತ್ತಾದ ಮಾತ್ರಕ್ಕೆ ಬಳಕೆ ಗೊತ್ತಾಗುವುದಿಲ್ಲ. ‘ಉಪನ್ಯಾಸ’ ಕನ್ನಡದಲ್ಲಿ ಭಾಷಣ, ಹಿಂದಿಯಲ್ಲಿ ಕಾದಂಬರಿ. ‘ಅವಕಾಶ’ ನಮಗೆ ಸಂದರ್ಭ, ಹಿಂದಿಯವರಿಗೆ ರಜೆ. ಬೇರು ಒಂದೇ ಆದರೂ ಮರಗಳು ಎರಡು. ನನ್ನ ‘ನಟೋರಿಯಸ್’ ಕೂಡ ಇದೇ ಪಾಠ ಹೇಳುತ್ತದೆ: ಬೇರಿಗೆ ಹೋದರೆ ಅದು ಲ್ಯಾಟಿನ್ನಿನ ‘ತಿಳಿದ’ ಎಂಬ ಪದ, ಜ್ಞಾತದ ದಾಯಾದಿ. ಯಾವುದಕ್ಕಾಗಿ ತಿಳಿದ, ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಎಂಬುದನ್ನು ಬೇರು ಹೇಳುವುದಿಲ್ಲ.

ಅದನ್ನು ಹೇಳುವುದು ಪದದ ಸಹವಾಸ. ಪದವನ್ನು ಅದು ಯಾರೊಡನೆ ಓಡಾಡುತ್ತದೆ ಎಂಬುದರಿಂದ ಅರಿಯಬೇಕು ಎಂಬ ಅರ್ಥದ ಮಾತನ್ನು ಭಾಷಾವಿಜ್ಞಾನಿ ಜೆ.ಆರ್. ಫರ್ತ್ 1957ರಲ್ಲಿ ಬರೆದ. ಕನ್ನಡದಲ್ಲಿ ಮಳೆ ಜೋರು, ಗಾಳಿ ಜೋರು, ಜ್ವರವೂ ಜೋರು. ಇಂಗ್ಲಿಷಿನಲ್ಲಿ ಮಳೆ ‘ಹೆವಿ’, ಗಾಳಿ ‘ಸ್ಟ್ರಾಂಗ್’, ಜ್ವರ ‘ಹೈ’. ‘ಸ್ಟ್ರಾಂಗ್ ರೈನ್’ ಎಂದರೆ ಅರ್ಥವೇನೋ ಆಗುತ್ತದೆ, ಆದರೆ ಹೇಳಿದವರು ಹೊರಗಿನವರು ಎಂಬುದೂ ಗೊತ್ತಾಗುತ್ತದೆ. ಏಕೆ ಹೀಗೆ ಎಂದರೆ ಉತ್ತರವಿಲ್ಲ. ನಮ್ಮನ್ನೇ ಕೇಳಿಕೊಳ್ಳಿ: ಸೀರೆ ಉಡುತ್ತೇವೆ, ಬಳೆ ತೊಡುತ್ತೇವೆ, ಹೂ ಮುಡಿಯುತ್ತೇವೆ, ಚಪ್ಪಲಿ ಮೆಟ್ಟುತ್ತೇವೆ, ಕುಂಕುಮ ಇಡುತ್ತೇವೆ. ಇಂಗ್ಲಿಷಿನಲ್ಲಿ ಇವಕ್ಕೆಲ್ಲ ‘ವೇರ್’ ಒಂದೇ ಸಾಕು. ಕನ್ನಡ ಕಲಿಯಲು ಬಂದವರೊಬ್ಬರು ‘ಚಪ್ಪಲಿ ಉಟ್ಟುಕೊಂಡು ಬಂದೆ’ ಎಂದರೆ ನಮಗೆ ಹೇಗೆ ಕಚಗುಳಿಯಾಗುತ್ತದೋ ನಮ್ಮ ‘ಸ್ಟ್ರಾಂಗ್ ರೈನ್’ ಅವರಿಗೆ ಹಾಗೆ. ಆದ್ದರಿಂದ ಒಂಟಿ ಪದವನ್ನು ಕಲಿಯುವುದು ವ್ಯರ್ಥ, ಜೋಡಿಯನ್ನೇ ಕಲಿಯಬೇಕು.

ಸಾವಿನ ಪದಗಳಲ್ಲಿ ಇದು ನಿಚ್ಚಳವಾಗಿ ಕಾಣುತ್ತದೆ. ಒಂದೇ ದಿನದ ಕನ್ನಡ ಪತ್ರಿಕೆಯಲ್ಲಿ ಸಾಹಿತಿ ನಿಧನರಾಗುತ್ತಾರೆ, ಸ್ವಾಮೀಜಿ ಲಿಂಗೈಕ್ಯರಾಗುತ್ತಾರೆ, ಯೋಧ ಹುತಾತ್ಮನಾಗುತ್ತಾನೆ, ಅಪಘಾತದಲ್ಲಿ ಗಾಯಗೊಂಡವನು ಚಿಕಿತ್ಸೆ ಫಲಿಸದೆ ಕೊನೆಯುಸಿರೆಳೆಯುತ್ತಾನೆ. ಇಂಗ್ಲಿಷ್ ಪತ್ರಿಕೆಯಲ್ಲಿ ಬೆಂಕಿಯಲ್ಲೋ ಹಡಗು ಮುಳುಗಿಯೋ ಸತ್ತವರು ‘ಪೆರಿಶ್’ ಆಗುತ್ತಾರೆ. ಗಾಯಗಳಿಗೆ ಬಲಿಯಾದವರು ‘ಸಕ್ಕಂಬ್’ ಆಗುತ್ತಾರೆ, ಅದೂ ‘ಟು ಇಂಜುರೀಸ್’ ಎಂಬ ಬಾಲದೊಡನೆ. ವಕೀಲರ ಕಾಗದದಲ್ಲಿ ಅದೇ ವ್ಯಕ್ತಿ ‘ಡಿಸೀಸ್ಡ್’. ಸಾಂತ್ವನ ಹೇಳುವವರ ಬಾಯಲ್ಲಿ ‘ಪಾಸ್ಡ್ ಅವೇ’. ಇವೆಲ್ಲಕ್ಕೂ ಕೆಳಗೆ ‘ಡೈಡ್’ ಎಂಬ ಚಿಕ್ಕ, ನೇರ, ಎಲ್ಲಿಗೂ ಸಲ್ಲುವ ಪದ ನಿಂತಿದೆ. ಉನ್ನತ ಮಟ್ಟದ ಪದಜ್ಞಾನ ಇರುವವರು ಬಹಳ ಸಲ ಆರಿಸುವುದು ಅದನ್ನೇ.

ಕೆಳಗಿನ ಅಂತಸ್ತಿನಲ್ಲೇ ನಾವು ಬಡವರು ಎಂಬುದು ನನ್ನ ಅನಿಸಿಕೆ. ಶಾಲೆಯಲ್ಲಿ, ಪುಸ್ತಕದಿಂದ ಇಂಗ್ಲಿಷ್ ಕಲಿತ ನಮಗೆ ‘ಟಾಲರೇಟ್’ ಗೊತ್ತು, ‘ಪುಟ್ ಅಪ್ ವಿತ್’ ಬಾಯಿಗೆ ಬರುವುದಿಲ್ಲ. ‘ಪೋಸ್ಟ್‌ಪೋನ್’ ಗೊತ್ತು, ‘ಪುಟ್ ಆಫ್’ ಎಂದರೆ ಅನುಮಾನ. ಮೂರು ಪುಟ್ಟ ಪದ ಸೇರಿ ನಾಲ್ಕನೆಯ ಅರ್ಥ ಕೊಡುವ ಈ ಕ್ರಿಯಾಪದಗಳು ಯಾದೃಚ್ಛಿಕ ಎನಿಸುತ್ತವೆ. ಇಲ್ಲೂ ಕನ್ನಡ ಕೈ ಹಿಡಿಯುತ್ತದೆ. ‘ಈಟ್’ ಎಂದರೆ ತಿನ್ನು, ‘ಈಟ್ ಅಪ್’ ಎಂದರೆ ತಿಂದುಬಿಡು. ‘ಡ್ರಿಂಕ್ ಅಪ್’ ಎಂದರೆ ಕುಡಿದುಬಿಡು. ‘ಯೂಸ್ ಅಪ್’ ಎಂದರೆ ಖರ್ಚು ಮಾಡಿಬಿಡು. ಆ ‘ಅಪ್’ ಮೇಲಕ್ಕೆ ಹೋಗುತ್ತಿಲ್ಲ. ಕೆಲಸವನ್ನು ಮುಗಿಸುತ್ತಿದೆ, ನಮ್ಮ ‘ಬಿಡು’ ಏನನ್ನೂ ಬಿಡದೆ ಮುಗಿಸುವಂತೆ.

ಕೆಲವು ಕಡೆ ಕನ್ನಡವೇ ದಾರಿ ತಪ್ಪಿಸುತ್ತದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ನಮ್ಮ ತರಗತಿಗಳಲ್ಲಿ ಪ್ರಶ್ನೆ ಕೇಳುವವರು ‘ಐ ಹ್ಯಾವ್ ಎ ಡೌಟ್’ ಎನ್ನುತ್ತಾರೆ, ಏಕೆಂದರೆ ಕನ್ನಡದ ಸಂದೇಹವನ್ನು ಕೇಳಿ ಪರಿಹರಿಸಿಕೊಳ್ಳಬಹುದು. ಅದೇ ವಾಕ್ಯವನ್ನು ಇಂಗ್ಲೆಂಡಿನ ಪ್ರಾಧ್ಯಾಪಕರ ಮುಂದೆ ಹೇಳಿದರೆ ‘ನೀವು ಹೇಳಿದ್ದನ್ನು ನಾನು ನಂಬುವುದಿಲ್ಲ’ ಎಂಬ ದನಿ ಹೊರಡುತ್ತದೆ. ವಿದೇಶಕ್ಕೆ ಓದಲು ಹೋಗುವವರು ಹೊಸ ಪದ ಕಲಿಯುವ ಮೊದಲು ಈ ಹಳೆಯ ಒಂದನ್ನು ಸರಿಪಡಿಸಿಕೊಂಡರೆ ಒಳಿತು.

ಎಷ್ಟು ಪದ ಬೇಕು? ಭಾಷಾಬೋಧನೆಯ ವಿದ್ವಾಂಸ ಪಾಲ್ ನೇಷನ್ 2006ರಲ್ಲಿ ಕೊಟ್ಟ ಅಂದಾಜಿನಂತೆ, ಕಾದಂಬರಿ ಮತ್ತು ಪತ್ರಿಕೆಗಳನ್ನು ಯಾರ ನೆರವೂ ಇಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು ಬೇಕು. ‘ಹ್ಯಾಪಿ’, ‘ಹ್ಯಾಪಿಲಿ’, ‘ಅನ್‌ಹ್ಯಾಪಿ’, ‘ಹ್ಯಾಪಿನೆಸ್’ ಎಲ್ಲ ಸೇರಿ ಒಂದು ಕುಟುಂಬ. ಅಷ್ಟಿದ್ದರೆ ಪುಟದ ಶೇ. 98ರಷ್ಟು ಪದಗಳು ಗೊತ್ತಿರುತ್ತವೆ. ಶೇ. 98 ಎಂದರೆ ತೀರಾ ಹೆಚ್ಚಾಯಿತು ಎನಿಸಬಹುದು. 300 ಪದಗಳ ಒಂದು ಪುಟದಲ್ಲಿ ಗೊತ್ತಿಲ್ಲದವು ಆರು. ಶೇ. 95ಕ್ಕೆ ಇಳಿದರೆ ಹದಿನೈದು, ಓದುವ ಸುಖ ಮುಗಿಯಿತು. 8,000 ಎಂಬ ಸಂಖ್ಯೆಗೆ ಹೆದರಬೇಕಾಗಿಲ್ಲ, ಏಕೆಂದರೆ ಮೊದಲ ಎರಡು ಸಾವಿರವೇ ಪುಟದ ಬಹುಪಾಲನ್ನು ಹೊರುತ್ತವೆ. ಅಂಥ ಸುಮಾರು 2,000 ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದ ಮೈಕೆಲ್ ವೆಸ್ಟ್ ಅವಿಭಜಿತ ಬಂಗಾಳದಲ್ಲಿ ನಮ್ಮಂಥ ಮಕ್ಕಳಿಗೇ ಇಂಗ್ಲಿಷ್ ಕಲಿಸುವ ಕಷ್ಟವನ್ನು ಕಂಡುಂಡವನು. ಅದರಾಚೆ, ವಿಶ್ವವಿದ್ಯಾಲಯದ ಬರವಣಿಗೆಯಲ್ಲಿ ವಿಷಯ ಯಾವುದೇ ಇರಲಿ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪಟ್ಟಿ ಮಾಡಿದರು. ‘ಡಿರೈವ್’, ‘ಇನ್ಫರ್’, ‘ಇಂಪ್ಲೈ’, ‘ಕೊಹೆರೆಂಟ್’ ಅದರಲ್ಲಿವೆ. ಆ ಪಟ್ಟಿಯ ಬಹುಪಾಲು ಮೇಲಂತಸ್ತಿನದು, ಅಂದರೆ ಉಪಸರ್ಗ ಮತ್ತು ಧಾತುಗಳಾಗಿ ಬಿಡಿಸಬಹುದಾದದ್ದು. ಸ್ಪರ್ಧಾತ್ಮಕ ಪರೀಕ್ಷೆಗೆಂದು ಮಾರುವ ವಿಚಿತ್ರ ಪದಗಳ ದಪ್ಪ ಪುಸ್ತಕಕ್ಕಿಂತ ಈ 570 ಹತ್ತು ಪಾಲು ಉಪಯುಕ್ತ.

ಕಲಿತದ್ದು ಉಳಿಯುವುದು ಹೇಗೆ ಎಂಬುದಕ್ಕೆ ಹೊಸ ಮಂತ್ರವೇನೂ ಇಲ್ಲ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಉಚ್ಚಾರಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದ: ಮರೆವು ಮೊದಲ ಗಂಟೆಗಳಲ್ಲಿ ಧಾವಿಸುತ್ತದೆ, ಆಮೇಲೆ ನಿಧಾನಿಸುತ್ತದೆ. ಹಾಗಾಗಿ ಮೊದಮೊದಲು ಬೇಗಬೇಗ, ಅನಂತರ ಅಂತರ ಬಿಟ್ಟು ಬಿಟ್ಟು ನೆನಪಿಸಿಕೊಳ್ಳಬೇಕು. 1972ರಲ್ಲಿ ಸೆಬಾಸ್ಟಿಯನ್ ಲೈಟ್ನರ್ ಇದನ್ನೊಂದು ಪೆಟ್ಟಿಗೆಯ ಆಟವಾಗಿಸಿದ. ಐದು ಖಾನೆ, ಉತ್ತರ ಸರಿಯಾದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮೊದಲನೆಯದಕ್ಕೆ ವಾಪಸು. ಮೊದಲ ಖಾನೆಯನ್ನು ದಿನವೂ ನೋಡಬೇಕು, ಕೊನೆಯದನ್ನು ಯಾವಾಗಲಾದರೊಮ್ಮೆ. ಇಂದಿನ ಮೊಬೈಲ್ ಆ್ಯಪ್‌ಗಳು ಇದನ್ನೇ ಲೆಕ್ಕ ಹಾಕಿ ಮಾಡುತ್ತವೆ. ನನಗೆ ಮಾತ್ರ ಚಪ್ಪಲಿ ಬಂದಿದ್ದ ರಟ್ಟಿನ ಪೆಟ್ಟಿಗೆಯೇ ಇಷ್ಟ. ಕೈಬರಹದಲ್ಲಿ ಬರೆದ ಪದ ತಪ್ಪಿದಾಗ ಹೆಚ್ಚು ನಾಚಿಕೆಯಾಗುತ್ತದೆ, ನಾಚಿಕೆಯಾದದ್ದು ಮರೆಯುವುದಿಲ್ಲ.

ಚೀಟಿಯ ಮೇಲೆ ಏನು ಬರೆಯಬೇಕು ಎಂಬುದೇ ಮುಖ್ಯ. ಮುಂದಿನ ಬದಿಗೆ ಪದವನ್ನು ಬರೆಯುವುದಿಲ್ಲ, ಓದುವಾಗ ಸಿಕ್ಕ ವಾಕ್ಯವನ್ನೇ ಪದ ಇರುವಲ್ಲಿ ಖಾಲಿ ಬಿಟ್ಟು ಬರೆಯುತ್ತೇನೆ. ಹಿಂದಿನ ಬದಿಗೆ ಪದ, ಅದರ ಒಂದೆರಡು ಸಂಗಾತಿಗಳು, ಬೇರು ಕನ್ನಡಕ್ಕೆ ಹತ್ತಿರವಿದ್ದರೆ ಅದು, ಮತ್ತು ಕನ್ನಡದಲ್ಲಿ ಅದೇ ಅಂತಸ್ತಿನಲ್ಲಿ ನಿಲ್ಲುವ ಒಂದು ಪದ. ಅರ್ಥಕ್ಕೆ ಇಂಗ್ಲಿಷ್-ಕನ್ನಡ ನಿಘಂಟನ್ನು ಮೊದಲು ನೋಡಿದರೂ ಅಲ್ಲಿಗೇ ನಿಲ್ಲಬಾರದು. ಕಲಿಯುವವರಿಗಾಗಿಯೇ ಮಾಡಿದ ಇಂಗ್ಲಿಷ್-ಇಂಗ್ಲಿಷ್ ನಿಘಂಟುಗಳಿವೆ, ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಹೇಳುತ್ತ ರೂಪಿಸಿದ, 1942ರಲ್ಲಿ ಅಲ್ಲೇ ಮೊದಲು ಅಚ್ಚಾದ ನಿಘಂಟು ಇವತ್ತಿಗೂ ಆಕ್ಸ್‌ಫರ್ಡ್ ಹೆಸರಿನಲ್ಲಿ ಹೊಸ ಹೊಸ ಆವೃತ್ತಿಗಳಾಗಿ ಬರುತ್ತಿದೆ. ಸರಳ ವಿವರಣೆ, ಪಕ್ಕದಲ್ಲೇ ಉದಾಹರಣೆ ವಾಕ್ಯ. ಎದುರು ದಿಕ್ಕಿನಿಂದ ಬಂದ ಕಿಟ್ಟೆಲ್ ಕೂಡ 1894ರ ತನ್ನ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿ ಬರೀ ಅರ್ಥ ಕೊಟ್ಟು ಸುಮ್ಮನಾಗಲಿಲ್ಲ. ಪದ ಎಲ್ಲಿ ಬಳಕೆಯಾಗಿದೆ, ಯಾವ ಗಾದೆಯಲ್ಲಿದೆ ಎಂದು ಹುಡುಕಿ ಸೇರಿಸಿದ.

ನನ್ನ ಪೆಟ್ಟಿಗೆಯ ಐದನೆಯ ಖಾನೆಯಲ್ಲಿ ಅಂಚು ಸವೆದ ಒಂದು ಚೀಟಿ ಇದೆ. ಮುಂದಿನ ಬದಿಯಲ್ಲಿ, ‘ವಿಶ್ವೇಶ್ವರಯ್ಯ ವಾಸ್ ಎ’ ಎಂದಾದ ಮೇಲೆ ಖಾಲಿ ಗೆರೆ, ಆಮೇಲೆ ‘ಎಂಜಿನಿಯರ್’. ಹಿಂದೆ ‘ರಿನೌನ್ಡ್’ ಎಂದಿದೆ. ಅದರ ಕೆಳಗೆ ಬೇರು: ಫ್ರೆಂಚಿನ ಮೂಲಕ ಬಂದ ಲ್ಯಾಟಿನ್ನಿನ ‘ನೋಮೆನ್’, ನಮ್ಮ ‘ನಾಮ’, ಹೆಸರಿನ ಮೇಲೆ ಹೆಸರು ಪಡೆದವನು. ಕೊನೆಯ ಸಾಲಿನಲ್ಲಿ, ಹುಡುಕಬೇಕಾಗಿಯೇ ಬರದ ಕನ್ನಡ ಪದ: ಹೆಸರಾಂತ.